ಎದುರುಮನೆಯ ರೊಟ್ಟಿ

ಜುಲೈ 24, ಗುರುವಾರ

ಈ ನೋಟುಬುಕ್ಕನ್ನು ಕನ್ನಡದಲ್ಲೇ ಬರೆಯಬೇಕೆಂದುಕೊಂಡಿದ್ದೇನೆ. ಓದಿದ್ದು ಗಂಗಾವತಿಯ ಕಾನ್ವೆಂಟಿನಲ್ಲಿ, ಹೊಟ್ಟೆಪಾಡಿಗೆ ಕಲಿಸುವುದು ಇಂಗ್ಲಿಷ್. ಆ ಭಾಷೆಯಲ್ಲಿ ಬರೆದರೆ ನನ್ನ ಬಗ್ಗೆ ನಾನೇ ಮೇಲಧಿಕಾರಿಗೆ ವರದಿ ಕೊಟ್ಟಂತಾಗುತ್ತದೆ.

ಕೊಪ್ಪಳಕ್ಕೆ ಬಂದು ಏಳು ವಾರ. ಓಣಿಯವರಿಗೆ ಹೇಳಿರುವುದು ಇಷ್ಟು: ನನಗೆ ಇಲ್ಲಿನ ಹೈಸ್ಕೂಲಿಗೆ ವರ್ಗವಾಯಿತು, ಯಜಮಾನರ ಕೆಲಸ ಗಂಗಾವತಿಯಲ್ಲಿ, ರಜೆ ಸಿಕ್ಕಾಗ ಬರುತ್ತಾರೆ. ಮೊದಲೆರಡು ನಿಜ. ಮೂರನೆಯದು ಸುಳ್ಳು. ಪ್ರವೀಣಕುಮಾರ ಬರುವುದಿಲ್ಲ. ಮೇ ತಿಂಗಳಲ್ಲಿ ಒಂದು ಸಂಜೆ ಇಬ್ಬರೂ ಎದುರುಬದುರು ಕೂತು ಇನ್ನು ಬೇರೆ ಇರುವುದೆಂದು ತೀರ್ಮಾನಿಸಿದೆವು. ಒಬ್ಬರೂ ದನಿ ಏರಿಸಲಿಲ್ಲ. ಹದಿನೇಳು ವರ್ಷದ ಸಂಸಾರ ಒಂದು ಸ್ಟಾಫ್ ಮೀಟಿಂಗಿನಂತೆ ಮುಗಿಯಿತು.

ಪಕ್ಕದ ಮನೆಯ ಮಾರೆವ್ವ ಅಂಗನವಾಡಿ ಸಹಾಯಕಿ. ಇವತ್ತು ಗೋಡೆಯ ಮೇಲಿಂದ ಕೂಗಿ ಹೇಳಿದಳು: “ಟೀಚರ್, ರವಿವಾರ ರೊಟ್ಟಿ ಹಬ್ಬ ಐತ್ರಿ. ಮನಿಮನಿಗೆ ರೊಟ್ಟಿ ಕೊಡೂದು, ಇಸಗೊಳ್ಳೂದು. ನಿಮ್ಮ ಕೈ ಹೆಂಗೈತಿ ನೋಡೇಬಿಡೂಣು.”

ನನಗೆ ರೊಟ್ಟಿ ಬಡಿಯಲು ಬರುವುದಿಲ್ಲ. ನಲವತ್ತನಾಲ್ಕು ವರ್ಷ. ಕಾಲುವೆ ಸೀಮೆಯಲ್ಲಿ ಅನ್ನ ಉಂಡು ಬೆಳೆದವಳು. ಅಮ್ಮ ನನ್ನನ್ನು ಒಲೆಯ ಹತ್ತಿರ ಬಿಟ್ಟುಕೊಳ್ಳಲೇ ಇಲ್ಲ, “ಓದಿಕೋ ಹೋಗು” ಎಂದಳು. ಅದನ್ನು ಇಲ್ಲಿ ಯಾರಿಗೆ ಹೇಳುವುದು?

ಜುಲೈ 27, ಭಾನುವಾರ

ಆದದ್ದನ್ನು ಆದ ಹಾಗೆಯೇ ಬರೆಯುತ್ತೇನೆ.

ಬೆಳಿಗ್ಗೆ ಬಸ್‌ಸ್ಟ್ಯಾಂಡ್ ರಸ್ತೆಯ ರೊಟ್ಟಿ ಕೇಂದ್ರಕ್ಕೆ ಹೋಗಿ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ ಕೊಂಡುತಂದೆ. ಪ್ಯಾಕೆಟ್ಟು ಹರಿದು ನನ್ನದೇ ಸ್ಟೀಲ್ ತಟ್ಟೆಗೆ ಹಾಕಿದೆ. ತೀರ ನಾಜೂಕಾಗಿ ಕಂಡವು. ಮನೆಯಲ್ಲಿ ಬಡಿದಂತೆ ಕಾಣಲೆಂದು ಎರಡು ರೊಟ್ಟಿಗಳ ನಡುಭಾಗವನ್ನು ಬೆರಳಿನಿಂದ ಒತ್ತಿ ಸ್ವಲ್ಪ ಬಿರುಕು ಬಿಡಿಸಿದೆ. ಬದನೆಕಾಯಿ ಪಲ್ಯ ಮಾತ್ರ ನಾನೇ ಮಾಡಿದ್ದು.

ಮೊದಲು ಎದುರುಮನೆ. ಶಿವಲಿಂಗಮ್ಮ ಓಣಿಗೆ ಹಿರಿಯರು, ಎಪ್ಪತ್ತು ದಾಟಿದವರು. ಮಗ ಗವಿಸಿದ್ದಪ್ಪ ಗಿಣಗೇರಿಯ ಕಡೆ ಕಾರ್ಖಾನೆಯಲ್ಲಿ ಪಾಳಿ ಕೆಲಸದಲ್ಲಿದ್ದಾನೆ. ಸೊಸೆ ದ್ರಾಕ್ಷಾಯಿಣಿ ಎರಡು ವರ್ಷದಿಂದ ದಿನಾ ಒಂಬತ್ತಕ್ಕೆ ಹೊಲಿಗೆ ಕ್ಲಾಸಿಗೆ ಹೋಗಿ ಒಂದಕ್ಕೆ ಬರುತ್ತಾಳೆಂದು ಓಣಿಯಲ್ಲಿ ಹೊಗಳುತ್ತಾರೆ. ಕಟ್ಟೆಯ ಮೇಲೆ ನಾಲ್ಕೈದು ಹೆಂಗಸರು ತಟ್ಟೆ ಹಿಡಿದು ಕೂತಿದ್ದರು.

ಶಿವಲಿಂಗಮ್ಮ ನನ್ನ ತಟ್ಟೆಯಿಂದ ಒಂದು ರೊಟ್ಟಿ ಎತ್ತಿ ಬೆಳಕಿಗೆ ಹಿಡಿದರು. ಅಂಚನ್ನು ಸುತ್ತಲೂ ಬೆರಳಿನಿಂದ ಸವರಿದರು.

“ಎಲ್ಲಿ ಬಡದ್ರಿ ಟೀಚರ್?”

“ಮನೆಯಲ್ಲೇ.”

“ಅಂಚಿಗೆ ಹೆಬ್ಬಟ್ಟಿಲೆ ಹಿಂಗ ಒತ್ತೂದು ಯಾರು ಕಲಿಸಿದ್ರು?”

“ನಮ್ಮಮ್ಮ.”

“ಹೌದೇನು? ಇದು ನಮ್ಮವ್ವನ ಕೈರಿ. ನಮ್ಮವ್ವ ನನಗ ಕಲಿಸಿದ್ಲು, ನಾ ನಮ್ಮ ಸೊಸಿಗೆ ಕಲಿಸೀನಿ. ಈ ಊರಾಗ ಮತ್ತೊಬ್ಬಾಕಿ ಇಲ್ಲ.”

ಮಾರೆವ್ವ ಹೋ ಎಂದು ನಕ್ಕಳು. “ಸಿಕ್ಕಿಬಿದ್ರು ನೋಡ್ರಿ ಟೀಚರ್! ಕೊಂಡ್ಕೊಂಡು ಬಂದೀರಿ ಹೌದಲ್ಲ?”

ಎಲ್ಲರೂ ನಕ್ಕರು. ನನಗೂ ನಗು ಬಂತು. ಒಪ್ಪಿಕೊಂಡರೆ ಮುಗಿಯಿತಲ್ಲ ಎನಿಸಿತು. “ಹೌದ್ರಿ, ಬಸ್‌ಸ್ಟ್ಯಾಂಡ್ ಹತ್ತಿರದ ರೊಟ್ಟಿ ಕೇಂದ್ರದ್ದು,” ಎಂದೆ. ಅಂಗಡಿಯ ಹೆಸರನ್ನೂ ಹೇಳಿದೆ.

ನಗು ಒಮ್ಮೆಲೇ ನಿಂತಿತು. ಬಾಗಿಲಲ್ಲಿ ದ್ರಾಕ್ಷಾಯಿಣಿ ಪಲ್ಯದ ಪಾತ್ರೆ ಹಿಡಿದು ನಿಂತಿದ್ದಳು. ಶಿವಲಿಂಗಮ್ಮ ಅವಳ ಕಡೆ ತಿರುಗಿ, ದನಿ ಏರಿಸದೆ ಕೇಳಿದರು: “ಹೊಲಿಗಿ ಕ್ಲಾಸಿನಾಗ ರೊಟ್ಟಿ ಬಡಿಯೂದೂ ಕಲಿಸ್ತಾರೇನವ್ವ?”

ಅವಳು ಪಾತ್ರೆ ಕೆಳಗಿಟ್ಟು ಒಳಗೆ ಹೋದಳು.

ನಾನು ಸುಳ್ಳು ಹೇಳಿದ್ದಕ್ಕೆ ಹೀಗಾಯಿತೋ, ನಿಜ ಹೇಳಿದ್ದಕ್ಕೋ? ಮೂರು ತಾಸಿನಿಂದ ಯೋಚಿಸುತ್ತಿದ್ದೇನೆ. ಯಾವುದಾದರೂ ಒಂದಕ್ಕೆ ಅಂಟಿಕೊಂಡಿದ್ದರೆ ಅವಳು ಗುಟ್ಟಾಗಿ ಆ ಕೇಂದ್ರದಲ್ಲಿ ದುಡಿಯುತ್ತಿದ್ದದ್ದು ಬಯಲಾಗುತ್ತಿರಲಿಲ್ಲ.

ಜುಲೈ 29, ಮಂಗಳವಾರ

ಪಂಚಮಿ. ಮಾರೆವ್ವ ನನ್ನನ್ನೂ ಕೂಡಿಸಿಕೊಂಡು ನಾಗಪ್ಪನಿಗೆ ಹಾಲೆರೆದಳು. ದೇವರ ಪಾಲು, ಗುರುವಿನ ಪಾಲು, ಹಿರಿಯರ ಪಾಲು ಎಂದು ಒಂದೊಂದು ಹೆಸರಿಗೆ ಒಂದೊಂದು ಚಮಚೆ. ತನ್ನ ಅಣ್ಣತಮ್ಮಂದಿರು, ಗಂಡ, ಮಕ್ಕಳು, ಎದುರುಮನೆಯವರು, ಕಡೆಗೆ “ಟೀಚರ್ ಪಾಲು”. ನನ್ನ ಯಜಮಾನರದು ಬರಲಿಲ್ಲ. ಹೆಸರು ಗೊತ್ತಿರಲಿಕ್ಕಿಲ್ಲ.

ಬೇವಿನ ಮರಕ್ಕೆ ಜೋಕಾಲಿ ಕಟ್ಟಿದ್ದರು. ದ್ರಾಕ್ಷಾಯಿಣಿ ಹೊರಗೆ ಬರಲಿಲ್ಲ. “ಹೋದ ವರ್ಷ ಆಕಿನ ಎಲ್ಲಾರಕಿಂತ ಎತ್ತರ ಜೀಕಿದ್ಲು,” ಎಂದಳು ಮಾರೆವ್ವ. “ಈಗ ಅವರತ್ತಿ, ಹೊಸ್ತಿಲಾ ದಾಟಿದ್ರ ನೋಡು ಅಂದಾಳ. ರೊಟ್ಟಿ ಮಾರೂದು ಅವರ ಮನೆತನಕ್ಕ ಕಮ್ಮಿ ಅನಸ್ತೈತಿ.”

ನನಗೂ ಹಾಗೇ ಅನಿಸಿತ್ತು.

ಸೆಪ್ಟೆಂಬರ್ 3, ಬುಧವಾರ

ಶಾಲೆಗೆ ಹೊರಡುವ ಹೊತ್ತಿಗೆ ಜೋಕುಮಾರನನ್ನು ಹೊತ್ತವರು ಬಂದರು. ಬುಟ್ಟಿಯಲ್ಲಿ ಬೇವಿನ ಸೊಪ್ಪು, ನಡುವೆ ಮಣ್ಣಿನ ಮೂರ್ತಿ, ಬಾಯಿಗೆ ಬೆಣ್ಣೆ. ಹಾಡುತ್ತ ಅಂಗಳದಲ್ಲಿ ಇಳಿಸಿದರು. ನನ್ನ ಮನೆಯಲ್ಲಿ ಜೋಳವಿರಲಿಲ್ಲ, ಒಂದು ಬಟ್ಟಲು ಸೋನಾಮಸೂರಿ ತಂದು ಮೊರಕ್ಕೆ ಹಾಕಿದೆ. “ಜೋಕುಮಾರಗೂ ಪಲಾವು ಮಾಡ್ತೀರೇನ್ರಿ?” ಎಂದು ಹೊತ್ತವಳೇ ತಮಾಷೆ ಮಾಡಿದಳು.

ದ್ರಾಕ್ಷಾಯಿಣಿ ಜೋಳ ತಂದಿದ್ದಳು. ಅವಳ ಪಕ್ಕ ನಿಂತು ಕ್ಷಮೆ ಕೇಳಿದೆ. ಐದು ವಾರ ಮನಸ್ಸಿನಲ್ಲೇ ತಿದ್ದಿ ತಿದ್ದಿ ಇಟ್ಟುಕೊಂಡಿದ್ದ ಮಾತು. ಅವಳು ಪೂರ್ತಿ ಕೇಳಿ, “ಬಿಡ್ರಿ ಟೀಚರ್. ನೀವೇನು ಬೇಕಂತ ಮಾಡೀರಾ?” ಎಂದು ಒಳಗೆ ಹೋದಳು.

ಕ್ಷಮಿಸಿದಳೋ ಇಲ್ಲವೋ ತಿಳಿಯಲಿಲ್ಲ. ಕೆಲಸ ಮಾತ್ರ ಹೋಗಿಯೇ ಇದೆ.

ಸೆಪ್ಟೆಂಬರ್ 28, ಭಾನುವಾರ

ದಸರಾ ರಜೆಯೆಲ್ಲ ಸಮೀಕ್ಷೆ ಡ್ಯೂಟಿಗೆ ಹೋಯಿತು. ಮೊಬೈಲ್ ಹಿಡಿದು ಮನೆಮನೆ ತಿರುಗುತ್ತಿದ್ದೇನೆ. ಇವತ್ತು ನಮ್ಮದೇ ಓಣಿ, ಎದುರುಮನೆ. ಒಬ್ಬೊಬ್ಬರ ಪ್ರಶ್ನೆ ಮುಗಿಸುತ್ತ ದ್ರಾಕ್ಷಾಯಿಣಿಯ ಉದ್ಯೋಗದ ಕಾಲಮಿಗೆ ಬಂದೆ. ಕೇಳದೆ ಬರೆದುಕೊಳ್ಳಬಹುದಿತ್ತು. ಕೇಳಿದೆ. ಅವಳು ಅತ್ತೆಯನ್ನು ನೋಡಿದಳು, ಅತ್ತೆ ಅವಳನ್ನು ನೋಡಿದರು. ಆ ನೋಟದಲ್ಲಿ ಇಬ್ಬರೂ ಏನನ್ನೋ ಕಾಯುತ್ತಿದ್ದ ಹಾಗಿತ್ತು.

ಕಡೆಗೆ ದ್ರಾಕ್ಷಾಯಿಣಿಯೇ, “ಮನಿಕೆಲಸ ಅಂತ ಹಾಕ್ರಿ,” ಎಂದಳು. ಶಿವಲಿಂಗಮ್ಮ ಎದ್ದು ಹಿತ್ತಲಿಗೆ ಹೋದರು.

ನನ್ನ ಮನೆಯ ಸಮೀಕ್ಷೆಗೆ ಸಹೋದ್ಯೋಗಿ ತಿಮ್ಮಣ್ಣ ಮೇಷ್ಟ್ರು ಬಂದಿದ್ದರು. ವಿವಾಹಿತೆ ಎಂದೆ. ಮುಂದಿನ ಪ್ರಶ್ನೆಗೆ ಹೋದರು.

ಅಕ್ಟೋಬರ್ 2, ಗುರುವಾರ

ಸಂಜೆ ಬನ್ನಿ ಹಂಚಲು ಓಣಿಯೆಲ್ಲ ಹೊರಟಿತ್ತು. ಎಲೆ ಕೊಟ್ಟು “ಬನ್ನಿ ತಗೊಂಡು ಬಂಗಾರದಂಗ ಇರೂಣು” ಎನ್ನಬೇಕು, ಹಿರಿಯರ ಕಾಲು ಮುಟ್ಟಬೇಕು. ಕಾನ್ವೆಂಟಿನ ವರ್ಷಗಳಲ್ಲಿ ಇದನ್ನೆಲ್ಲ ಕಿಟಕಿಯಿಂದ ನೋಡಿದ್ದೆ. ಹನ್ನೊಂದು ಮನೆಗೆ ಹೋದೆ. ಏಳನೆಯ ಮನೆಯ ಹೊತ್ತಿಗೆ ಆ ಮಾತು ಸಲೀಸಾಗಿ ಬರುತ್ತಿತ್ತು.

ಎದುರುಮನೆಯಲ್ಲಿ ಎಲೆ ಕೊಟ್ಟು ನಮಸ್ಕರಿಸಿ, ಹೇಗೂ ಹಬ್ಬದ ದಿನವೆಂದು ವಿಷಯ ತೆಗೆದೆ. ದುಡಿಮೆಯಲ್ಲಿ ಕೀಳು ಮೇಲು ಇಲ್ಲ, ಹೆಣ್ಣುಮಕ್ಕಳು ತಮ್ಮ ಕಾಲ ಮೇಲೆ ನಿಲ್ಲಬೇಕು, ಹೀಗೆ. ಆಗಸ್ಟ್ ಹದಿನೈದರ ಭಾಷಣದಂತೆ ನನಗೇ ಕೇಳಿಸಿತು.

ಶಿವಲಿಂಗಮ್ಮ ತಾಳ್ಮೆಯಿಂದ ಕೇಳಿದರು. “ಟೀಚರ್, ಹೋಳಿಗಿ ಆರಾಕತ್ತೈತಿ. ತಿನ್ರಿ,” ಎಂದರು. ತುಪ್ಪ ತಂದಿಟ್ಟ ದ್ರಾಕ್ಷಾಯಿಣಿಯ ಮುಖ ಕೆಂಪಾಗಿತ್ತು. ನಾಚಿಕೆಯೋ ಸಿಟ್ಟೋ ತಿಳಿಯಲಿಲ್ಲ.

ಅಕ್ಟೋಬರ್ 22, ಬುಧವಾರ

ದೀಪಾವಳಿ. ಮತ್ತೆ ಹೇಳಿದೆ. ಮತ್ತೆ ಕರ್ಚಿಕಾಯಿ ಕೊಟ್ಟು ಕಳಿಸಿದರು.

ನವೆಂಬರ್ 5, ಬುಧವಾರ

ಗೌರಿ ಹುಣ್ಣಿಮೆ. ಓಣಿಯ ಹುಡುಗಿಯರು ಸಕ್ಕರೆ ಗೊಂಬೆಗಳ ಆರತಿ ಹಿಡಿದು ಹೊರಟಿದ್ದನ್ನು ನೋಡಿ, ಮಾರೆವ್ವನಿಗೆ ನಮ್ಮ ಹೆಂಗಸರನ್ನೂ ಎಲ್ಲಾದರೂ ಹೊರಡಿಸಬೇಕೆನಿಸಿತು. ಟಂಟಂ ಆಟೋ ಮಾಡಿಸಿ ಏಳು ಜನ ಇಟಗಿಗೆ ಹೋದೆವು. ಸೊಸೆಯನ್ನು ಕಳಿಸಲು ಶಿವಲಿಂಗಮ್ಮ ಅಡ್ಡಿ ಮಾಡಲಿಲ್ಲವಂತೆ. ಇಪ್ಪತ್ತು ವರ್ಷದ ಹಿಂದೆ ಕಾಲೇಜಿನವರ ಜೊತೆ ಬಂದು ಮಹಾದೇವ ಗುಡಿಯ ಕಂಬಗಳ ಬಗ್ಗೆ ಟಿಪ್ಪಣಿ ಬರೆದುಕೊಂಡಿದ್ದೆ. ಇವತ್ತು ಮೆಟ್ಟಿಲ ಮೇಲೆ ಕೂತು ದೀಪಕ್ಕೆ ಬತ್ತಿ ಹೊಸೆದೆ. ಕಂಬ ನೋಡಲು ಮರೆತೆ.

ದ್ರಾಕ್ಷಾಯಿಣಿ ಪಕ್ಕದಲ್ಲಿದ್ದಳು. ತಾನಾಗಿಯೇ ಮಾತು ತೆಗೆದಳು.

“ಕೇಂದ್ರದಾಗ ಎಂಟು ಒಲಿ ಅದಾವ್ರಿ. ನಂದು ಕಿಟಕಿ ಕಡೀದು. ತಾಸಿಗೆ ಎಪ್ಪತ್ತು ಬಡೀತಿದ್ದೆ. ನನ್ನ ಯಾರೂ ದಾಟಿಲ್ಲ.”

“ಅದು ಬೇಕೆನಿಸುತ್ತದೆಯೇ?”

“ಮನ್ಯಾಗೂ ಬಡೀತೀನ್ರಿ. ಮೂರು ಮಂದಿಗೆ ಹನ್ನೆರಡು ರೊಟ್ಟಿ. ಕೈ ಕಾಯೂದರಾಗ ಮುಗದಬಿಡತಾವ.”

ಹೊಸೆದ ಬತ್ತಿಯೊಂದನ್ನು ಎತ್ತಿಕೊಳ್ಳುತ್ತ, “ನೀವು ನಮ್ಮತ್ತಿಗೆ ಹೇಳೂದು ಬಿಡ್ರಿ,” ಎಂದಳು. “ನೀವು ಹೇಳಿ ಹೋದ ದಿನಾ ಮನ್ಯಾಗ ಇನ್ನೂ ಗಪ್ಪಾಗಿರ್ತೈತಿ.”

“ಹಾಗಾದರೆ ನಾನು ಏನು ಮಾಡಲಿ?”

ಅವಳು ನಕ್ಕಳು. ರೊಟ್ಟಿ ಹಬ್ಬದ ನಂತರ ಅವಳು ನಕ್ಕಿದ್ದನ್ನು ಇದೇ ಮೊದಲು ನೋಡಿದೆ. “ರೊಟ್ಟಿ ಬಡಿಯೂದು ಕಲೀರಿ. ಮುಂದಿನ ಪಂಚಮಿಗೆ ಮತ್ತ ಯಾರ ಮನೀನೂ ಕೆಡಸಬ್ಯಾಡ್ರಿ.”

ನವೆಂಬರ್ 23, ಭಾನುವಾರ

ಮೂರನೆಯ ಭಾನುವಾರದ ಪಾಠ. ಕುದಿಯುವ ನೀರಿನ ಹದ ಗೊತ್ತಾಗಿದೆ, ಅಂಗೈಗೆ ಇನ್ನೂ ಗೊತ್ತಾಗಿಲ್ಲ. ರೊಟ್ಟಿ ದುಂಡಗೆ ತಿರುಗಬೇಕು, ನನ್ನದು ನಿಂತಲ್ಲೇ ನಿಲ್ಲುತ್ತದೆ. “ಹೊಡೀಬ್ಯಾಡ್ರಿ ಟೀಚರ್, ಅದೇನು ತಪ್ಪು ಮಾಡೈತಿ?” ಎನ್ನುತ್ತಾಳೆ ದ್ರಾಕ್ಷಾಯಿಣಿ. ಹದಿನಾಲ್ಕರಲ್ಲಿ ಮೂರು ಹಂಚಿನವರೆಗೆ ಹೋದವು. ಸುಟ್ಟ ಬೆರಳಿಗೆ ಕೊಬ್ಬರಿ ಎಣ್ಣೆ ಹಚ್ಚಿಕೊಂಡು ಪೇಪರ್ ತಿದ್ದಿದೆ.

ಡಿಸೆಂಬರ್ 28, ಭಾನುವಾರ

ಮಠದ ಜಾತ್ರೆಯ ದಾಸೋಹಕ್ಕೆ ನಮ್ಮ ಓಣಿಯಿಂದ ಪ್ರತಿವರ್ಷ ಎರಡು ಸಾವಿರ ರೊಟ್ಟಿ ಹೋಗುತ್ತವೆ. ಬೆಳಿಗ್ಗೆ ಆರಕ್ಕೆ ಎದುರುಮನೆಯ ಮುಂದೆ ಒಂಬತ್ತು ಒಲೆ ಹೂಡಿದ್ದರು. ನನಗೆ ಕಡೆಯ ಒಲೆಯ ಹತ್ತಿರ ಹಿಟ್ಟು ನಾದುವ ಕೆಲಸ. ಹತ್ತರ ಹೊತ್ತಿಗೆ ಒಬ್ಬಳು ಕೈ ನೋಯುತ್ತದೆಂದು ಎದ್ದಳು. ಯಾರೂ ಹೇಳದಿದ್ದರೂ ಅವಳ ಜಾಗದಲ್ಲಿ ಕೂತು ಬಡಿದೆ. ಯಾರೂ ಬೇಡವೆನ್ನಲಿಲ್ಲ.

ದ್ರಾಕ್ಷಾಯಿಣಿಯ ಕೈ ನೋಡಬೇಕಿತ್ತು. ಬೇಯಿಸಲು ಇಬ್ಬರು ಕೂತರೂ ಅವಳಿಗೆ ಸಾಲುತ್ತಿರಲಿಲ್ಲ. ಓಣಿ ತುದಿಯಲ್ಲಿ ಟೇಲರಿಂಗ್ ಮಾಡುವ ಫಾತಿಮಾಬೀ ಅವಳ ಹಂಚು ನೋಡಿಕೊಳ್ಳುತ್ತಿದ್ದಳು. “ಎರಡು ವರ್ಷ ಜಂಪರ ನಾ ಹೊಲದೀನಿ, ಹೆಸರು ಈಕೀದು,” ಎಂದಳು. “ಇವತ್ತು ರೊಟ್ಟಿ ನಾ ಸುಟ್ಟೀನಿ, ಹೆಸರು ಮತ್ತ ಈಕೀದ!” ಎಲ್ಲರೂ ನಕ್ಕರು. ಶಿವಲಿಂಗಮ್ಮ ನಗಲಿಲ್ಲ.

ಇಟಗಿಯಲ್ಲಿ ದ್ರಾಕ್ಷಾಯಿಣಿ ಹೇಳಿದ್ದನ್ನು ಮರೆತೆ. “ಈ ಕೈ ಮಠಕ್ಕೆ ಬಡಿದರೆ ಪುಣ್ಯ, ಕೇಂದ್ರದಲ್ಲಿ ಬಡಿದರೆ ಅವಮಾನ. ಅದು ಹೇಗೆ ಶಿವಲಿಂಗಮ್ಮನವರೇ?” ಎಂದೆ.

“ಅವಮಾನ ಅಂತ ನಾ ಯಾವಾಗ ಅಂದೆ?” ಎಂದರು. “ನಮ್ಮವ್ವ ಸಂತ್ಯಾಗ ರೊಟ್ಟಿ ಮಾರಿ ನಮ್ಮನ್ನ ಸಾಕ್ಯಾಳ್ರಿ. ನನ್ನ ಮನಸ್ಸಿಗೆ ಅದು ಹತ್ತಿಲ್ಲ. ಈಕಿ ಎರಡು ವರ್ಷ ದಿನಾ ಮುಂಜಾನೆ ನನ್ನ ಮುಂದ ನಿಂತು ಹೊಲಿಗಿ ಕ್ಲಾಸಿಗೆ ಹೋಗ್ತೀನಿ ಅಂದ್ಲು. ಈ ಫಾತಿಮಾ ಹೊಲದ ಜಂಪರ ತಂದು, ನಾನ ಹೊಲದೀನಿ ಅಂದ್ಲು. ನಾ ಅದನ್ನ ಹಾಕ್ಕೊಂಡು ಯಲಬುರ್ಗಿ ಮದುವ್ಯಾಗ ಎಲ್ಲಾರಿಗೂ ತೋಳು ತೋರಿಸಿ ಹೇಳೀನಿ. ಅದು ಹತ್ತೈತಿ.”

ನನ್ನ ಕೈಯಲ್ಲಿದ್ದ ಹಿಟ್ಟು ಆರುತ್ತಿತ್ತು.

“ಆಕಿ ಬಂದು ಒಂದು ಮಾತು ಅಂದಾಳು ಅಂತ ಐದು ತಿಂಗಳಾತು ಕುಂತೀನಿ. ಆಕಿ ಬರವಲ್ಲಳು. ನೀವು ಬರ್ತೀರಿ. ದಸರಾಕ್ಕ ಬಂದ್ರಿ, ದೀಪಾವಳಿಗೆ ಬಂದ್ರಿ. ನೀವ್ಯಾಕ ಬರ್ತೀರಿ?”

ಉತ್ತರ ಹುಡುಕುತ್ತಿರುವಾಗ ಬಾಯಿಗೆ ಬಂದದ್ದು ಬೇರೆ. “ನಾನೂ ಸುಳ್ಳು ಹೇಳಿದ್ದೇನೆ. ನಮ್ಮ ಮನೆಯವರು ಬರುವುದಿಲ್ಲ. ನಾವು ಬೇರೆಯಾಗಿದ್ದೇವೆ.”

“ಗೊತ್ತೈತಿ. ಓಣಿಗೆಲ್ಲಾ ಗೊತ್ತೈತಿ,” ಎಂದರು, ಹಿಟ್ಟಿನ ಡಬ್ಬಿ ನನ್ನ ಕಡೆ ಸರಿಸುತ್ತ. “ನೀವು ಬಾಡಿಗಿ ಮನಿಯವರು. ಇವತ್ತ ಇರ್ತೀರಿ, ನಾಳೆ ವರ್ಗ ಆಗಿ ಹೋಗ್ತೀರಿ. ನಿಮ್ಮ ಸುಳ್ಳು ನಮಗೇನು ಹತ್ತತೈತಿ?”

ಆಗ ದ್ರಾಕ್ಷಾಯಿಣಿ ಕೈ ನಿಲ್ಲಿಸದೆ, ತಲೆ ಎತ್ತದೆ ಹೇಳಿದಳು: “ಸುಳ್ಳು ಹೇಳೀನಿ, ಅತ್ತಿ. ತಪ್ಪಾತು. 'ರೊಟ್ಟಿ ಕೇಂದ್ರಕ್ಕ ಹೋಗ್ತೀನಿ' ಅಂದಿದ್ರ ಕಳಸ್ತಿದ್ರೇನು?”

“ಕಳಸ್ತಿದ್ದಿಲ್ಲ. ಜಗಳಾ ಆಡ್ತಿದ್ದೆ.”

“ಮತ್ತ?”

“ಜಗಳಾ ಆಡಿ ನೀ ಹೋಗಬೇಕಿತ್ತು.”

ಮುಂದಿನ ಮಾತಿಗಾಗಿ ಎಲ್ಲರೂ ಕಾದೆವು. “ಫಾತಿಮಾ, ರೊಟ್ಟಿ ಹೊತ್ತಾಕತ್ತೈತಿ, ತಿರುವು,” ಎಂದರು ಶಿವಲಿಂಗಮ್ಮ. ಸಂಜೆ ನಾಲ್ಕಕ್ಕೆ ರೊಟ್ಟಿ ಟ್ರ್ಯಾಕ್ಟರಿಗೆ ಏರಿತು.

ಬಾಡಿಗೆ ಮನೆಯವರು ಎಂದದ್ದು ನಿಜವೇ. ಅದನ್ನೇಕೆ ಇಷ್ಟು ಸಲ ನೆನೆಯುತ್ತಿದ್ದೇನೆ?

ಜನವರಿ 5, ಸೋಮವಾರ

ಮಾರೆವ್ವನ ಜೊತೆ ದಾಸೋಹದ ಪಂಕ್ತಿಯಲ್ಲಿ ಕೂತು ಉಂಡೆ. ಬುಟ್ಟಿಗಟ್ಟಲೆ ರೊಟ್ಟಿ, ನೂರಾರು ಊರಿನವು. ಎಲೆಗೆ ಬಿದ್ದದ್ದು ದಪ್ಪ, ಒಂದು ಕಡೆ ಸೀದಿತ್ತು. ಯಾರೋ ನನ್ನಂಥವಳೇ ಬಡಿದಿರಬೇಕು. ಎರಡು ಹಾಕಿಸಿಕೊಂಡೆ.

ಜನವರಿ 8, ಗುರುವಾರ

ಬೆಳಿಗ್ಗೆ ಎಂಟೂವರೆಗೆ ಎದುರುಮನೆಯಲ್ಲಿ ಜಗಳ. ಓಣಿಗೆಲ್ಲ ಕೇಳಿಸುವಷ್ಟು. ಪಾತ್ರೆಯೊಂದು ಬಿದ್ದ ಸದ್ದೂ ಆಯಿತು. ಗವಿಸಿದ್ದಪ್ಪ ರಾತ್ರಿಪಾಳಿ ಮುಗಿಸಿ ಬಂದವನು, ಒಳಗೆ ಹೋಗುವ ಧೈರ್ಯವಿಲ್ಲದೆ ಬೈಕಿನ ಮೇಲೇ ಕೂತಿದ್ದ. ಒಂಬತ್ತಕ್ಕೆ ದ್ರಾಕ್ಷಾಯಿಣಿ ಕೆಂಪು ಮುಖ ಮಾಡಿಕೊಂಡು ಬ್ಯಾಗು ಹಿಡಿದು ಹೊರಬಂದು ಬಸ್‌ಸ್ಟ್ಯಾಂಡ್ ಕಡೆ ನಡೆದಳು. ಹಿಂದೆಯೇ ಶಿವಲಿಂಗಮ್ಮನ ದನಿ: “ಮಧ್ಯಾಹ್ನ ಉಣ್ಣಾಕ ಬರ್ತೀಯೋ, ಅಲ್ಲೇ ಉಣ್ತೀಯೋ? ಹೇಳಿ ಹೋಗು!”

“ಬರ್ತೀನಿ!” ಎಂದು ತಿರುಗದೆ ಕೂಗಿದಳು.

ಶಾಲೆಗೆ ಹತ್ತು ನಿಮಿಷ ತಡವಾಗಿ ಹೋದೆ.

ಜನವರಿ 13, ಮಂಗಳವಾರ

ಶಿವಲಿಂಗಮ್ಮ ಮೂರು ದಿನದಿಂದ ನನ್ನ ಜೊತೆ ಮಾತಾಡುತ್ತಿಲ್ಲ. ಭಾನುವಾರ ಕಟ್ಟೆಯ ಮೇಲೆ ಅವರ ಪಕ್ಕದಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದೆ. ಕುಷ್ಟಗಿಯಿಂದ ಬಂದ ಅವರ ಬೀಗರು ನನ್ನನ್ನು ವಿಚಾರಿಸಿದರು, ಯಜಮಾನರು ಎಲ್ಲಿರುತ್ತಾರೆ ಎಂದು ಕೇಳಿದರು. “ಗಂಗಾವತಿಯಲ್ಲಿ. ರಜೆ ಸಿಕ್ಕಾಗ ಬರುತ್ತಾರೆ,” ಎಂದೆ. ಅಭ್ಯಾಸಬಲ. ಶಿವಲಿಂಗಮ್ಮ ಅವರೆಕಾಯಿಯ ಬುಟ್ಟಿ ಎತ್ತಿಕೊಂಡು ಒಳಗೆ ಹೋದರು. ಅವತ್ತಿನಿಂದ ನಾನು ಕಂಡರೆ ಮುಖ ತಿರುಗಿಸುತ್ತಾರೆ.

ನನ್ನ ಸುಳ್ಳು ತಮಗೆ ಹತ್ತುವುದಿಲ್ಲವೆಂದು ಅವರೇ ಹೇಳಿದ್ದರು. ಹಾಗಿದ್ದರೆ ಇದೇಕೆ? ಬೀಗರ ಮುಂದೆ ತಮ್ಮ ಮರ್ಯಾದೆಯ ಪ್ರಶ್ನೆಯೋ, ಬೇರೇನಾದರೂ ತಪ್ಪು ಮಾಡಿದೆನೋ, ಗೊತ್ತಾಗುತ್ತಿಲ್ಲ. ನಿನ್ನೆ ನಾನು ಕೊಟ್ಟ ಪಲ್ಯದ ಬಟ್ಟಲನ್ನು ತೊಳೆಯದೆ ಹಾಗೇ ಕಳಿಸಿದ್ದಾರೆ.

ಇವತ್ತು ಕೇಂದ್ರಕ್ಕೆ ಹೊರಟಿದ್ದ ದ್ರಾಕ್ಷಾಯಿಣಿಯನ್ನು ತಡೆದು, ನನ್ನ ಪರವಾಗಿ ಒಂದು ಮಾತು ಹೇಳುತ್ತೀಯಾ ಎಂದು ಕೇಳಿದೆ.

“ಒಲ್ಲೆರಿ ಟೀಚರ್,” ಎಂದಳು. “ನೀವ ಹೋಗ್ರಿ. ಲಗೂನ ಹೋಗ್ರಿ, ಇಲ್ಲಾಂದ್ರ ಐದು ತಿಂಗಳಾ ಹಿಡೀತೈತಿ.”

ಜನವರಿ 15, ಗುರುವಾರ

ಸಂಕ್ರಾಂತಿ. ಕುಸುರೆಳ್ಳು ತೆಗೆದುಕೊಂಡು ಹೋದೆ. ಈ ಸಲ ಏನನ್ನೂ ಮೊದಲೇ ಹೊಂದಿಸಿಕೊಂಡಿರಲಿಲ್ಲ. ಶಿವಲಿಂಗಮ್ಮ ಒಬ್ಬರೇ ಇದ್ದರು. ಹೊಸ್ತಿಲಲ್ಲೇ ನಿಂತು, “ಅವ್ವಾ, ಮೊನ್ನೆ ನಿಮ್ಮೆದುರಿಗೇ ಸುಳ್ಳು ಹೇಳಿದೆ. ತಪ್ಪಾಯಿತು,” ಎಂದೆ.

ಅವರು ಎಳ್ಳು ತೆಗೆದುಕೊಂಡು ಬಾಯಿಗೆ ಹಾಕಿಕೊಂಡರು. ಅಗಿದು ಮುಗಿಯುವವರೆಗೆ ನಿಂತೇ ಇದ್ದೆ.

“ಬಾ, ಕುಂದ್ರು,” ಎಂದರು, ಮೊದಲ ಸಲ ಏಕವಚನದಲ್ಲಿ. “ಮೊದಲ ಬೈತೀನಿ. ಚಾ ಆಮ್ಯಾಲೆ.”

ಕುಳಿತೆ. ಬಹಳ ಹೊತ್ತು ಬೈದರು. ಚಹಾ ಎರಡು ಸಲ ಆಯಿತು.